ಕಾಲು ಹಳದಿ, ಮೈ ಬಿಳಿ

9 ಜನವರಿ

ಗೆ,
ಮುಖ್ಯಸ್ಥರು, ಆಹಾರ ಸೂತ್ರ ವಿಭಾಗ,
ಕೋಳಿ ಆಹಾರ ಕಾರ್ಖಾನೆ.

ವಿಷಯ: ಕೋಳಿಗಳು ಬೆಳ್ಳಗಾಗಿರುವ ಬಗ್ಗೆ ದೂರು.

ಮಾನ್ಯರೇ,

ನಾನು ಮಾರುಕಟ್ಟೆಯ ಮೂರನೆಯ ಸಾಲಿನಲ್ಲಿ ಮೂವತ್ತೊಂದು ವರ್ಷದಿಂದ ಕೋಳಿ ಅಂಗಡಿ ಇಟ್ಟುಕೊಂಡಿರುವವನು. ಇಲ್ಲಿ ಎಲ್ಲರೂ ನನ್ನನ್ನು ಬೋರ್ಡಿನಣ್ಣ ಎಂದು ಕರೆಯುತ್ತಾರೆ. ಕಾರಣ, ಅಂಗಡಿಯ ನೆತ್ತಿಯ ಮೇಲಿರುವ ಬೋರ್ಡು: ‘ಹಳದಿ ಚರ್ಮ, ಆರೋಗ್ಯದ ಮರ್ಮ.’ ಪ್ರಾಸ ನನ್ನದೇ. ತಾವು ಎಲ್ಲೋ ಓದಿರಬಹುದು.

ನನಗೆ ಕೋಳಿ ಬರುವುದು ಊರಾಚೆಯ ಶೆಡ್ಡಿನ ಯಜಮಾನರಿಂದ. ಅವರು ಕೋಳಿಗೆ ಹಾಕುವುದು ತಮ್ಮ ಕಾರ್ಖಾನೆಯ ಆಹಾರ. ಇಷ್ಟು ವರ್ಷ ನನ್ನ ಕೊಕ್ಕೆಯಲ್ಲಿ ನೇತಾಡುತ್ತಿದ್ದ ಕೋಳಿ ದೂರದಿಂದಲೇ ಬೆಣ್ಣೆಯ ಹಾಗೆ ಹಳದಿಯಾಗಿ ಕಾಣುತ್ತಿತ್ತು. ಎರಡು ತಿಂಗಳಿಂದ ಹಾಗಿಲ್ಲ. ಪುಕ್ಕ ತೆಗೆದು ನೇತುಹಾಕಿದರೆ ಒಗೆದು ಒಣಹಾಕಿದ ಬನಿಯನ್ನಿನ ಹಾಗೆ ಕಾಣುತ್ತದೆ. ಹದಿನೈದು ವರ್ಷದಿಂದ ಬರುತ್ತಿದ್ದ ಟೀಚರಮ್ಮ ಒಬ್ಬರು ಮೊನ್ನೆ ಕೊಕ್ಕೆಯನ್ನು ನೋಡಿ, “ಏನಣ್ಣಾ, ಕೋಳಿಗೆ ಕಾಮಾಲೆ ವಾಸಿಯಾಯ್ತಾ?” ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮರುದಿನ ಟೀಚರಮ್ಮ ಎದುರಂಗಡಿಯಲ್ಲಿ ನಿಂತಿದ್ದರು. ಅದರ ಮರುದಿನ ನಕ್ಕವರೂ ಅಲ್ಲೇ ನಿಂತಿದ್ದರು. ಈಗ ನನ್ನ ಬೆಳಗಿನ ಸಾಲು ಅರ್ಧಕ್ಕೆ ಇಳಿದಿದೆ.

ತಾವು ಸೂತ್ರ ಬದಲಿಸಿ, ಹಳೆಯ ಕೃತಕ ಬಣ್ಣ ಬಿಟ್ಟು ಹೂವಿನ ಪುಡಿ ಬೆರೆಸುತ್ತಿದ್ದೀರಿ ಎಂದು ಯಜಮಾನರು ಹೇಳಿದರು. ಮೂಟೆಯ ಮೇಲೂ ಹೂವಿನ ಚಿತ್ರ ಬಂದಿದೆ. ಚಿತ್ರ ಹಳದಿಯಾಗಿದೆ. ಕೋಳಿ ಅಲ್ಲ.

ಕೂಡಲೇ ಕ್ರಮ ಕೈಗೊಳ್ಳಬೇಕು. ಇದರ ಒಂದು ಪ್ರತಿಯನ್ನು ತಮ್ಮ ಮ್ಯಾನೇಜರರಿಗೂ ಕಳಿಸಿದ್ದೇನೆ.

ಇಂತಿ,
ಕೋಳಿ ಅಂಗಡಿಯ ಮಾಲೀಕ


20 ಜನವರಿ

ಮಾನ್ಯರೇ,

ತಮ್ಮ ದೂರು ತಲುಪಿದೆ. ಮ್ಯಾನೇಜರರ ಮೇಜಿಗೆ ಹೋದ ಪ್ರತಿ ನನಗಿಂತ ಒಂದು ದಿನ ಮೊದಲೇ ತಲುಪಿದೆ.

ತಾವು ಕೇಳದಿದ್ದರೂ ಹೇಳುವುದು ನನ್ನ ಕೆಲಸ. ಹಳದಿ ಬಣ್ಣವನ್ನು ಕೋಳಿ ತನ್ನ ಮೈಯಲ್ಲೇ ತಯಾರಿಸಿಕೊಳ್ಳಲಾರದು. ತಿಂದದ್ದರಲ್ಲಿ ಇದ್ದರೆ ಮಾತ್ರ ಅದು ಚರ್ಮಕ್ಕೆ, ಕಾಲಿಗೆ, ಕೊಬ್ಬಿಗೆ ಬಂದು ಕೂರುತ್ತದೆ. ಹಳದಿ ಮೆಕ್ಕೆಜೋಳದಲ್ಲಿ ಅದು ಸ್ವಲ್ಪ ಇದೆ, ಚೆಂಡುಹೂವಿನ ಎಸಳಿನಲ್ಲಿ ಧಾರಾಳವಾಗಿದೆ. ಅಕ್ಕಿ ನುಚ್ಚು, ಗೋಧಿ ಮಾತ್ರ ತಿಂದ ಕೋಳಿ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಬೆಳ್ಳಗೇ ಇರುತ್ತದೆ. ಬಣ್ಣ ಚೆನ್ನಾಗಿ ಏರಲು ಸುಮಾರು ಮೂರು ವಾರ ಬೇಕು. ಹೂವಿನ ಪುಡಿಯ ಈ ಸೂತ್ರ ರೂಪಿಸಿದವಳು ನಾನೇ. ಎರಡು ವರ್ಷ ಪರೀಕ್ಷಿಸಿದ ಮೇಲೆಯೇ ಮೂಟೆಗೆ ತುಂಬಿಸಿದ್ದು. ಈ ಸೂತ್ರದ ಆಹಾರ ನಲವತ್ತು ಶೆಡ್ಡುಗಳಿಗೆ ಹೋಗುತ್ತಿದೆ. ದೂರು ಬಂದಿರುವುದು ಒಂದೇ ಅಂಗಡಿಯಿಂದ.

ದಯವಿಟ್ಟು ಒಂದು ವಿಷಯ ತಿಳಿಸಿ. ಕೋಳಿ ಜೀವಂತ ಇರುವಾಗ ಅದರ ಕಾಲಿನ ಬಣ್ಣ ಯಾವುದು?

ಇಂತಿ,
ಮುಖ್ಯಸ್ಥೆ, ಆಹಾರ ಸೂತ್ರ ವಿಭಾಗ

(ಈ ಚೀಟಿ ಕಡತಕ್ಕಲ್ಲ. ಅಪ್ಪಾ, ಹೆತ್ತ ಮಗಳಿಗೆ ‘ಮಾನ್ಯರೇ’ ಅಂತ ಬರೆಯುವಾಗ ಪೆನ್ನು ಒಂದು ಸಲವೂ ತಡವರಿಸಲಿಲ್ಲವಾ? ಮನೆಯಲ್ಲಿ ಫೋನ್ ಇದೆ. ನಂಬರು ಅಮ್ಮನಿಗೆ ಗೊತ್ತು.)


2 ಫೆಬ್ರವರಿ

ಮಾನ್ಯರೇ,

ಮೊದಲು ಚೀಟಿಗೆ ಉತ್ತರ. ಫೋನಿನಲ್ಲಿ ಮಾತಾಡಿದರೆ ನಾವು ಮಾತು ಬಿಟ್ಟಿರುವುದು ಮುರಿದುಹೋಗುತ್ತದೆ. ಪತ್ರಕ್ಕೆ ಆ ತೊಂದರೆ ಇಲ್ಲ.

ಮಾತು ಬಿಟ್ಟದ್ದು ಯಾಕೆಂದು ತಾವು ಮರೆತಿದ್ದರೆ ನೆನಪಿಸುತ್ತೇನೆ. ಎರಡು ವರ್ಷದ ಹಿಂದೆ ರಜೆಗೆ ಬಂದವರು ಅಂಗಡಿಯಲ್ಲಿ ನಿಂತಿದ್ದಿರಿ. ಭಾನುವಾರ, ಸಾಲು ರಸ್ತೆಯ ತನಕ ಇತ್ತು. ಅದೇ ಟೀಚರಮ್ಮ ಬೋರ್ಡು ಓದಿ, “ಹಳದಿ ಕೋಳಿ ತಿಂದ್ರೆ ಶಕ್ತಿ ಜಾಸ್ತಿ ಅಲ್ವೇನಮ್ಮಾ?” ಎಂದು ಕೇಳಿದರು. ತಾವು, “ಅದು ಕೋಳಿ ತಿಂದ ಬಣ್ಣ ಅಷ್ಟೇ ಟೀಚರ್. ಬಿಳಿ ಕೋಳಿಗೂ ಹಳದಿ ಕೋಳಿಗೂ ಆರೋಗ್ಯದಲ್ಲಿ ಏನೂ ವ್ಯತ್ಯಾಸ ಇಲ್ಲ. ಬೋರ್ಡಿನಲ್ಲಿ ಇರೋದು ಬರೀ ಪ್ರಾಸ” ಎಂದಿರಿ. ಬರೀ ಪ್ರಾಸ! ಮೂವತ್ತು ವರ್ಷ ಆ ಬೋರ್ಡಿನ ಕೆಳಗೆ ನಿಂತವನನ್ನು ತಾವು ಆ ದಿನ ಎರಡೇ ಪದದಲ್ಲಿ ಕೆಳಗಿಳಿಸಿದಿರಿ.

ಇನ್ನು ಕಾಲಿನ ವಿಷಯ. ಕಾಲು ಹಳದಿಯಾಗಿಯೇ ಇದೆ, ಒಳ್ಳೆ ಕಡುಹಳದಿ. ಮೋಸ ಇರುವುದೇ ಅಲ್ಲಿ! ಕಾಲು ಹಳದಿ, ಮೈ ಬಿಳಿ. ಕೊಳ್ಳುವಾಗ ನಾವು ನೋಡುವುದು ಕಾಲನ್ನು ಎಂದು ತಿಳಿದುಕೊಂಡೇ, ಕಾಲಿಗೆ ಮಾತ್ರ ಬಣ್ಣ ಏರುವ ಆಹಾರವನ್ನು ತಮ್ಮ ಕಾರ್ಖಾನೆ ಕಂಡುಹಿಡಿದಿದೆ. ಜಾಣತನ ಮೆಚ್ಚಿದೆ. ಆದರೆ ನನ್ನ ಗಿರಾಕಿಗಳು ಬರೀ ಕಾಲು ಕೊಳ್ಳುವುದಿಲ್ಲ.

ನಮ್ಮ ಕಡೆ ಎಲ್ಲ ಕ್ಷೇಮ. ತಮ್ಮ ತಾಯಿಯವರಿಗೆ ಮಣಿಕಟ್ಟು ನೋವು ಬಂದಿದ್ದರಿಂದ ಅವರೀಗ ಬಿಸಿನೀರಿನ ಹಂಡೆಯ ಕೆಲಸ ಬಿಟ್ಟು ಕೌಂಟರಿನಲ್ಲಿ ಕೂರುತ್ತಾರೆ. ಗಿರಾಕಿಗಳನ್ನು ಚೆನ್ನಾಗಿ ಬೈಯುತ್ತಾರೆ. ನನಗೆ ವಯಸ್ಸಾಯಿತು ಅಂತಲೂ ಅನ್ನುತ್ತಿದ್ದಾರೆ. ಕಾರಣ ಇಷ್ಟೇ: ಮೊನ್ನೆ ಅಂಗಡಿಗೆ ಬಂದು ನೋಡಿದರೆ ನನ್ನ ಎಡಗಾಲಿನ ಚಪ್ಪಲಿ ಇರಲಿಲ್ಲ. ದಾರಿಯಲ್ಲಿ ಎಲ್ಲೋ ಕಳಚಿ ಬಿದ್ದಿತ್ತು. ಕವಿಗಳಿಗೆ ಇಂಥದ್ದು ಆಗುತ್ತದೆ.

ಇಂತಿ,
ಕೋಳಿ ಅಂಗಡಿಯ ಮಾಲೀಕ


15 ಫೆಬ್ರವರಿ

ಮಾನ್ಯರೇ,

ಕಾಲಿಗೆ ಮಾತ್ರ ಬಣ್ಣ ಕೊಡುವ ಆಹಾರವನ್ನು ನಾನು ಕಂಡುಹಿಡಿದಿದ್ದರೆ ನಮ್ಮ ಮ್ಯಾನೇಜರು ನನ್ನನ್ನು ಕಾರ್ಖಾನೆಯ ಗೇಟಿನಲ್ಲಿ ವಿಗ್ರಹ ಮಾಡಿ ನಿಲ್ಲಿಸುತ್ತಿದ್ದರು. ಅಂಥದ್ದು ಇಲ್ಲ. ಕಾಲಿಗೆ ಹೋಗುವ ಬಣ್ಣವೇ ಮೈಗೂ ಹೋಗುತ್ತದೆ. ದಾರಿ ಒಂದೇ.

ಕಳೆದ ಮಂಗಳವಾರ ನಾನೇ ಶೆಡ್ಡಿಗೆ ಹೋಗಿದ್ದೆ. ನಮ್ಮ ಹತ್ತಿರ ಬಣ್ಣದ ಬೀಸಣಿಗೆ ಅಂತ ಇದೆ, ತಿಳಿಹಳದಿಯಿಂದ ಕಿತ್ತಳೆಯ ತನಕ ಹದಿನೈದು ಪಟ್ಟಿಗಳನ್ನು ಪೋಣಿಸಿದ್ದು. ಪಟ್ಟಿಗೆ ಒಂದೊಂದು ನಂಬರು. ಮೂವತ್ತು ಕೋಳಿ ಹಿಡಿಸಿ, ಕಾಲಿನ ಪಕ್ಕ, ರೆಕ್ಕೆಯಡಿಯ ಚರ್ಮದ ಪಕ್ಕ ಬೀಸಣಿಗೆ ಇಟ್ಟು ನೋಡಿದೆ. ಎಲ್ಲವೂ ಏಳು, ಎಂಟು. ತಮ್ಮ ಅಂಗಡಿಗೆ ಹೊರಡುವ ಕೋಳಿಯ ಮೈ ಹಳದಿಯಾಗಿಯೇ ಇರುತ್ತದೆ. ಶೆಡ್ಡಿನಿಂದ ಕೊಕ್ಕೆಗೆ ಹೋಗುವ ನಡುವೆ ಎಲ್ಲೋ ಬಣ್ಣ ಕಳೆದುಹೋಗುತ್ತಿದೆ.

ನನಗೆ ಅನುಮಾನ ಹಂಡೆಯ ಮೇಲೆ. ಪುಕ್ಕ ಸಡಿಲವಾಗಲೆಂದು ಕೋಳಿಯನ್ನು ಬಿಸಿನೀರಿನಲ್ಲಿ ಅದ್ದುತ್ತೀರಿ. ಬಣ್ಣ ಹೆಚ್ಚಾಗಿ ಇರುವುದು ಚರ್ಮದ ತೀರಾ ಮೇಲಿನ, ಈರುಳ್ಳಿಯ ಒಳಪೊರೆಯಂಥ ಪದರದಲ್ಲಿ. ನೀರು ಐವತ್ತಮೂರು ಡಿಗ್ರಿ ಇದ್ದರೆ ಪೊರೆ ಉಳಿಯುತ್ತದೆ. ಅರವತ್ತಕ್ಕೆ ಹೋದರೆ ಪುಕ್ಕದ ಜೊತೆ ಪೊರೆಯೂ ಉಜ್ಜಿಕೊಂಡು ಹೋಗುತ್ತದೆ. ಒಳಗಿನ ಬಿಳಿ ಹೊರಗೆ ಬರುತ್ತದೆ. ಥರ್ಮಾಮೀಟರ್ ಒಂದನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ನೀರಿನ ಬಿಸಿ ಎಷ್ಟೆಂದು ತಿಳಿಸಿ.

ಇನ್ನೊಂದು ಮಾತು. ತಮ್ಮ ದೂರಿಗೆ ಕಾರಣ ಏನೆಂದು ಮಾರ್ಚ್ ಮೂವತ್ತೊಂದರೊಳಗೆ ಬರಹದಲ್ಲಿ ಕೊಡಬೇಕೆಂದು ಮ್ಯಾನೇಜರು ಹೇಳಿದ್ದಾರೆ. ಕೊಡದಿದ್ದರೆ ಹೂವಿನ ಸೂತ್ರ ನಿಲ್ಲುತ್ತದೆ, ಹಳೆಯದು ವಾಪಸ್ಸು ಬರುತ್ತದೆ.

ಇಂತಿ,
ಮುಖ್ಯಸ್ಥೆ, ಆಹಾರ ಸೂತ್ರ ವಿಭಾಗ

(ಶೆಡ್ಡಿನಿಂದ ಅಂಗಡಿಗೆ ಇಪ್ಪತ್ತು ನಿಮಿಷದ ದಾರಿ. ನಿಲ್ದಾಣದಲ್ಲಿ ನಿಂತಿದ್ದೆ. ಕಾರ್ಖಾನೆ ಕಡೆಯ ಬಸ್ಸು ಮೊದಲು ಬಂತು.)


24 ಫೆಬ್ರವರಿ

ಮಾನ್ಯರೇ,

ಥರ್ಮಾಮೀಟರ್ ತಲುಪಿತು. ಮೊಳೆಗೆ ನೇತುಹಾಕಿದ್ದೇನೆ. ಗೋಡೆಗೆ ಜ್ವರ ಇಲ್ಲ.

ಆಹಾರದ ತಪ್ಪನ್ನು ಹಂಡೆಗೆ ಹೊರಿಸುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ತಿಳಿಯದು. ನಮ್ಮ ಹಂಡೆಗೆ ಅಳತೆ ಇಲ್ಲ ಎಂದುಕೊಂಡಿರಾ? ತಮ್ಮ ತಾಯಿಯವರು ಇಪ್ಪತ್ತು ವರ್ಷ ಅದರ ಮುಂದೆ ಕೂತರು. ಪ್ರತಿ ಸಲ ಅದ್ದುವ ಮೊದಲು ನಾಲ್ಕು ಬೆರಳನ್ನು ನೀರಿನಲ್ಲಿ ಮುಳುಗಿಸಿ ಎಣಿಸುತ್ತಿದ್ದರು. ಒಂದು, ಎರಡು, ಮೂರು. ಮೂರಕ್ಕೆ ಕೈ ತಾನಾಗಿ ಹೊರಗೆ ಬಂದರೆ ನೀರು ಹದ. ಎರಡಕ್ಕೇ ಬಂದರೆ ತಣ್ಣೀರು ಸುರಿ. ನಾಲ್ಕಕ್ಕೆ ಹೋದರೆ ಬೆಂಕಿ ಹೆಚ್ಚಿಸು. ಚಿಕ್ಕವರಿದ್ದಾಗ ತಾವೂ ಪಕ್ಕದಲ್ಲಿ ಕೂತು ಜೊತೆಗೆ ಎಣಿಸುತ್ತಿದ್ದಿರಿ. ಎಣಿಕೆ ಕಲಿತದ್ದೇ ಅಲ್ಲಿ. ಆಮೇಲೆ ದೊಡ್ಡ ಅಂಕಿಗಳು ಬಂದವು, ಚಿಕ್ಕವು ಮರೆತುಹೋದವು.

ನವೆಂಬರಿನಿಂದ ಹಂಡೆಗೆ ನಾನು ಕೂರುತ್ತಿದ್ದೇನೆ. ಕ್ರಮ ಅದೇ, ಮೂರರ ಎಣಿಕೆ. ಇನ್ನೂ ಹೇಳಬೇಕೆಂದರೆ ನನ್ನ ಕೈ ಅವರದ್ದಕ್ಕಿಂತ ಗಟ್ಟಿ. ಐದರ ತನಕ ಎಣಿಸಿದರೂ ಏನೂ ಅನ್ನಿಸುವುದಿಲ್ಲ. ನೀರು ಇನ್ನೂ ಕಾಯಲಿಲ್ಲವಲ್ಲ ಎಂದು ಮತ್ತೆರಡು ಕೊಳ್ಳಿ ತುರುಕುತ್ತೇನೆ. ಕೆಲಸವೂ ಚುರುಕಾಗಿದೆ. ಅವರ ಕಾಲದಲ್ಲಿ ಪುಕ್ಕ ಎಳೆದರೆ ಬರುತ್ತಿತ್ತು. ನನ್ನ ಕಾಲದಲ್ಲಿ ಮುಟ್ಟಿದರೆ ಬರುತ್ತದೆ.

ಆದ್ದರಿಂದ ಹಂಡೆಯ ಸುದ್ದಿ ಬಿಟ್ಟು ಹೂವಿನ ಸುದ್ದಿಗೆ ಬನ್ನಿ.

ಇಂತಿ,
ಕೋಳಿ ಅಂಗಡಿಯ ಮಾಲೀಕ


1 ಮಾರ್ಚ್

ಪುಟ್ಟಿ,

ನಿಮ್ಮಿಬ್ಬರ ಮಾನ್ಯರೇ ಮಾನ್ಯರೇ ಆಟ ಮುಗಿಯಲಿ ಅಂತ ಕಾಯ್ತಾ ಇದ್ದೆ. ಮುಗಿಯೋ ಹಾಗೆ ಕಾಣಲಿಲ್ಲ. ಅದಕ್ಕೇ ನಾನು ಬರೀತಿದೀನಿ.

ನಿನ್ನೆ ನಿಮ್ಮಪ್ಪ ಕೋಳಿ ತರೋಕೆ ಶೆಡ್ಡಿಗೆ ಹೋಗಿದ್ದರು. ಹಂಡೆ ಅವರು ಕಾಯಿಸಿ ಇಟ್ಟಿದ್ದ ಹಾಗೇ ಇತ್ತು. ಅಭ್ಯಾಸಬಲ ನೋಡು, ನಾನು ಹೋಗಿ ಬೆರಳು ಅದ್ದಿದೆ. ಒಂದು ಅನ್ನೋಕ್ಕೂ ಆಗಲಿಲ್ಲ ಕಣೇ! ಕೈ ಎಳಕೊಂಡು ಪೈಪಿನ ಕೆಳಗೆ ಹಿಡಿದೆ. ಆಮೇಲೆ ನೀನು ಕಳಿಸಿದ್ದನ್ನ ಮೊಳೆಯಿಂದ ತೆಗೆದು ಇಳಿಬಿಟ್ಟೆ. ಅರವತ್ತೊಂದು ತೋರಿಸ್ತು. ಕನ್ನಡಕ ಹಾಕಿ ಎರಡು ಸಲ ನೋಡಿದೆ.

ಅವರು ಬಂದ ಮೇಲೆ ಪಕ್ಕದಲ್ಲಿ ನೋಡ್ತಾ ನಿಂತೆ. ಅದೇ ನೀರಿಗೆ ಕೈ ಇಟ್ಟು ನಿಧಾನಕ್ಕೆ ಐದರ ತನಕ ಎಣಿಸಿ, “ಇನ್ನೂ ಸ್ವಲ್ಪ ಬೇಕು” ಅಂದರು. “ತೋರಿಸ್ರೀ ಕೈ” ಅಂದೆ. ಮೂರು ಬೆರಳಲ್ಲಿ ಬೊಬ್ಬೆ. ಒಂದು ಒಡೆದಿದೆ. “ಇದು ಯಾವಾಗ ಆಯ್ತು?” ಅಂದ್ರೆ, “ಯಾವುದು?” ಅಂತ ನನ್ನನ್ನೇ ಕೇಳ್ತಾರೆ. “ನಿಮಗೆ ಕೈಯಲ್ಲಿ ಸ್ಪರ್ಶ ಇಲ್ಲ” ಅಂದೆ. “ಕೌಂಟರಿನಲ್ಲಿ ಕೂತು ಕೂತು ನಿನ್ನ ಕೈ ಮೆತ್ತಗಾಗಿದೆ” ಅಂದರು.

ಚಪ್ಪಲಿ ವಿಷಯ ನಿನಗೆ ತಮಾಷೆಯಾಗಿ ಬರೆದಿದ್ದಾರಂತೆ. ಒಂದು ಸಲ ಅಲ್ಲ, ಮೂರು ಸಲ ಆಗಿದೆ. ರಾತ್ರಿ ಕಾಲು ಜುಮ್ಮೆನ್ನುತ್ತೆ ಅಂತ ಎದ್ದು ಕೂರ್ತಾರೆ. ಕೊಡಗಟ್ಟಲೆ ನೀರು ಕುಡೀತಾರೆ. ಡಾಕ್ಟರ ಹತ್ತಿರ ಹೋಗೋಣ ಅಂದ್ರೆ ಅದಕ್ಕೂ ಒಂದು ಪ್ರಾಸ ಕಟ್ಟಿ ನಗಿಸಿ ತಪ್ಪಿಸಿಕೊಳ್ತಾರೆ. ಪ್ರಾಸ ಚೆನ್ನಾಗೇ ಇರುತ್ತೆ, ನಾನೂ ನಕ್ಕುಬಿಡ್ತೀನಿ. ಅದು ನನ್ನ ತಪ್ಪು.

ನನ್ನ ಮಾತು ಕೇಳಲ್ಲ. ನೀನು ಬರಿ.

ಅಮ್ಮ


5 ಮಾರ್ಚ್

ಅಪ್ಪಾ,

ಇದು ಕಾರ್ಖಾನೆಯ ಕಾಗದ ಅಲ್ಲ, ನನ್ನ ನೋಟುಪುಸ್ತಕದ ಹಾಳೆ. ಮೇಲೆ ವಿಷಯ ಅಂತ ಬರೆದಿಲ್ಲ. ವಿಷಯ ನೀನೇ.

ಕೋಳಿ ಬೆಳ್ಳಗಾಗಿರುವುದು ಹೂವಿನಿಂದಲ್ಲ, ನೀರಿನಿಂದ. ನೀರು ಅಷ್ಟು ಕಾಯುತ್ತಿರುವುದು ನಿನ್ನ ಬೆರಳಿಗೆ ಬಿಸಿ ತಿಳಿಯದೆ ಇರುವುದರಿಂದ. ಬೆರಳಿಗೂ ಕಾಲಿಗೂ ತಿಳಿಯದೆ ಇರುವುದು ಬಹುಶಃ ಸಕ್ಕರೆ ಕಾಯಿಲೆಯಿಂದ. ನಾನು ಕೋಳಿಯ ಲೆಕ್ಕ ನೋಡುವವಳು, ಮನುಷ್ಯರ ಡಾಕ್ಟರಲ್ಲ. ಆದರೆ ಬಣ್ಣ ಹೋದಲ್ಲಿಂದ ಹಿಂದಕ್ಕೆ ಹುಡುಕುತ್ತಾ ಹೋಗುವುದೇ ನನ್ನ ಕೆಲಸ. ಹುಡುಕಿಕೊಂಡು ಹೋದರೆ ನಿನ್ನ ಕೈ ಸಿಕ್ಕಿತು. ಈ ವಾರವೇ ರಕ್ತ ಪರೀಕ್ಷೆ ಮಾಡಿಸು. ಬೊಬ್ಬೆ ಒಡೆದ ಬೆರಳನ್ನು ಕೋಳಿಯ ನೀರಿಗೆ ಅದ್ದಬೇಡ. ಇದನ್ನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ನಿನ್ನ ಮಗಳಲ್ಲವಾ, ಗಟ್ಟಿಯಾಗಿಯೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಾನು ಟೀಚರಮ್ಮನಿಗೆ ಹೇಳಿದ್ದು ನಿಜ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಅಷ್ಟು ಜನರ ಮುಂದೆ, ನಿನ್ನ ಬೋರ್ಡಿನ ಕೆಳಗೆ ನಿಂತು ಹೇಳಬೇಕಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಹೇಳಬಹುದಿತ್ತು. ನೀನು ಜಗಳ ಆಡುತ್ತಿದ್ದೆ, ಆಮೇಲೆ ಹೊಸ ಪ್ರಾಸ ಹುಡುಕುತ್ತಿದ್ದೆ. ಬರೀ ಪ್ರಾಸ ಅಂದೆನಲ್ಲ, ಅಲ್ಲಿ ‘ಬರೀ’ ನನ್ನ ತಪ್ಪು.

ಇನ್ನು ಕಡತ. ಮೂವತ್ತೊಂದಕ್ಕೆ ಕಾರಣ ಬರೆದುಕೊಡಬೇಕು. ಕಾರಣ ನನಗೆ ಗೊತ್ತು. ಆದರೆ ಬೋರ್ಡಿನಣ್ಣನ ಕೈಗೆ ಸ್ಪರ್ಶ ಇಲ್ಲ ಅಂತ ಕಾರ್ಖಾನೆಯ ಕಾಗದದಲ್ಲಿ ಬರೆಯುವವಳು ನಾನಾಗಲಾರೆ. ಆ ಕಾಗದದ ಪ್ರತಿ ಶೆಡ್ಡಿಗೆ ಹೋಗುತ್ತದೆ. ಶೆಡ್ಡಿನಿಂದ ಸುದ್ದಿ ಮಾರುಕಟ್ಟೆಗೆ, ಎದುರಂಗಡಿಗೆ ಹೋಗುತ್ತದೆ. ನಿನ್ನನ್ನು ಒಂದು ಸಲ ಜನರ ಮುಂದೆ ಕೆಳಗಿಳಿಸಿದ್ದು ಸಾಕು. ‘ಕಾರಣ ತಿಳಿದುಬಂದಿಲ್ಲ’ ಅಂತ ಬರೆಯುತ್ತೇನೆ. ಹೂವಿನ ಸೂತ್ರ ಹೋದರೆ ಹೋಗಲಿ. ಇನ್ನೊಂದು ರೂಪಿಸುವಷ್ಟು ತಲೆ ನನಗಿದೆ. ಇನ್ನೊಬ್ಬ ಅಪ್ಪನನ್ನು ರೂಪಿಸಲು ಬರುವುದಿಲ್ಲ.

ಪುಟ್ಟಿ


28 ಮಾರ್ಚ್

ಗೆ,
ಮ್ಯಾನೇಜರು,
ಕೋಳಿ ಆಹಾರ ಕಾರ್ಖಾನೆ.

ವಿಷಯ: ಜನವರಿ 9ರ ನನ್ನ ದೂರನ್ನು ಹಿಂಪಡೆಯುವ ಬಗ್ಗೆ.

ಮಾನ್ಯರೇ,

ತಮ್ಮ ಹೂವಿನ ಸೂತ್ರದ ಆಹಾರದಿಂದ ಕೋಳಿಗಳು ಬೆಳ್ಳಗಾಗಿವೆ ಎಂದು ನಾನು ದೂರು ಕೊಟ್ಟಿದ್ದೆ. ದೂರು ತಪ್ಪು. ತಪ್ಪು ಎಂದು ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ, ಸ್ವತಃ ಪರೀಕ್ಷೆ ಮಾಡಿ ಬರೆಯುತ್ತಿದ್ದೇನೆ.

ಮಾರ್ಚ್ 26ರಂದು ಒಂದೇ ಶೆಡ್ಡಿನ, ಒಂದೇ ದಿನದ, ಒಂದೇ ತೂಕದ ಮೂರು ಕೋಳಿ ತೆಗೆದುಕೊಂಡೆ. ಮೊದಲನೆಯದನ್ನು ಐವತ್ತಮೂರು ಡಿಗ್ರಿಯ ನೀರಿನಲ್ಲಿ ಅದ್ದಿದೆ, ಎರಡನೆಯದನ್ನು ಐವತ್ತಾರರಲ್ಲಿ, ಮೂರನೆಯದನ್ನು ಅರವತ್ತರಲ್ಲಿ. ಥರ್ಮಾಮೀಟರ್ ಹಿಡಿದವಳು ನನ್ನ ಹೆಂಡತಿ. ಅವಳು ಯಾರ ಪಕ್ಷವೂ ಅಲ್ಲ, ನನ್ನ ಪಕ್ಷವಂತೂ ಅಲ್ಲವೇ ಅಲ್ಲ. ಮೂರನ್ನೂ ಒಂದೇ ಸಾಲಿನ ಕೊಕ್ಕೆಗಳಿಗೆ ಹಾಕಿ ಫೋಟೊ ತೆಗೆಸಿ ಇದರ ಜೊತೆ ಇಟ್ಟಿದ್ದೇನೆ. ಮೊದಲನೆಯದು ಹಳೆಯ ಹಾಗೆ ಬೆಣ್ಣೆ ಬಣ್ಣ. ಎರಡನೆಯದು ಅಲ್ಲಲ್ಲಿ ಸುಲಿದು ಪಟ್ಟೆಪಟ್ಟೆ. ಮೂರನೆಯದು ಬನಿಯನ್ನು. ಇದರಿಂದ ತಿಳಿಯುವುದೇನೆಂದರೆ, ಹೂವು ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ. ಅದು ಹಚ್ಚಿದ ಬಣ್ಣವನ್ನು ನಾಲ್ಕು ತಿಂಗಳಿಂದ ಕುದಿಸಿ ಚರಂಡಿಗೆ ಬಿಟ್ಟವನು ನಾನು.

ಯಾಕೆ ಹೀಗಾಯಿತು ಎಂದು ಕಡತ ಕೇಳುತ್ತದೆ. ಬರೆದುಕೊಳ್ಳಿ. ನೀರಿನ ಬಿಸಿಯನ್ನು ನಾನು ಬೆರಳಿನಿಂದ ಅಳೆಯುತ್ತಿದ್ದೆ. ಬೆರಳು ಸುಳ್ಳು ಹೇಳುತ್ತಿತ್ತು. ಮಾರ್ಚ್ 9ರಂದು ವೈದ್ಯರ ಬಳಿ ಹೋದೆ. ಅವರು, “ಕಣ್ಣು ಮುಚ್ಚಿ, ಸೂಜಿ ತಾಗಿದ್ರೆ ಹೇಳಿ” ಎಂದರು. ಬಹಳ ಹೊತ್ತು ಕಾದು, “ಯಾವಾಗ ಚುಚ್ತೀರಾ ಡಾಕ್ಟ್ರೇ?” ಎಂದು ಕೇಳಿದೆ. ಆರು ಕಡೆ ಚುಚ್ಚಿಯಾಗಿತ್ತು. ಸಕ್ಕರೆ ಕಾಯಿಲೆ, ಕೆಲವು ವರ್ಷದ್ದು. ಇನ್ನೂ ತಡವಾಗಿದ್ದರೆ ಬೆರಳೇ ಹೋಗುತ್ತಿತ್ತು ಎಂದರು. ಈಗ ಮಾತ್ರೆ ನಡೆಯುತ್ತಿದೆ, ಬೊಬ್ಬೆ ಮಾಗಿದೆ. ಹಂಡೆಗೆ ಥರ್ಮಾಮೀಟರ್ ಇಳಿಬಿಟ್ಟಿದ್ದೇನೆ.

ಈ ಪತ್ರದ ಪ್ರತಿಯನ್ನು ಶೆಡ್ಡಿಗೂ ಧಾರಾಳವಾಗಿ ಕಳಿಸಬಹುದು. ಮಾರುಕಟ್ಟೆಗೆ ಕಳಿಸುವ ಶ್ರಮ ಬೇಡ, ಇದೇ ವಿವರ ಬರೆದು ನಾನೇ ನಿನ್ನೆ ಬೆಳಿಗ್ಗೆ ಫೋಟೊ ಸಮೇತ ಅಂಗಡಿಯ ಕಂಬಕ್ಕೆ ಅಂಟಿಸಿದ್ದೇನೆ. ಎದುರಂಗಡಿಯವನು ಮೊದಲು ಓದಿದ. ಓದಿ ಹೋಗಿ ತನ್ನ ನೀರಿಗೆ ಬೆರಳು ಅದ್ದಿ ನೋಡುತ್ತಿದ್ದ. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಅದೇ ವೈದ್ಯರು ಎಲ್ಲಿ ಕೂರುತ್ತಾರೆಂದು ನನ್ನನ್ನೇ ಕೇಳಿಕೊಂಡು ಹೋದ. ಟೀಚರಮ್ಮ ಸಂಜೆ ಬಂದು ಪೂರ್ತಿ ಓದಿ, ನನ್ನ ಕೊಕ್ಕೆಯ ಕೋಳಿಯನ್ನೇ ಒಯ್ದರು.

ಕೊನೆಯದಾಗಿ, ತಮ್ಮ ಆಹಾರ ಸೂತ್ರ ವಿಭಾಗದ ಮುಖ್ಯಸ್ಥೆ ನನ್ನ ಮಗಳು. ಈ ಸಂಗತಿಯನ್ನು ಮೊದಲ ಪತ್ರದಲ್ಲಿ ತಿಳಿಸಿರಲಿಲ್ಲ. ದೂರಿಗೆ ಅದು ಸಂಬಂಧಪಟ್ಟದ್ದಲ್ಲ ಎಂದುಕೊಂಡಿದ್ದೆ. ದೂರು ಹಿಂಪಡೆಯುವಾಗ ತಿಳಿಸಬೇಕು ಅನ್ನಿಸಿತು. ಕಾರಣ ಗೊತ್ತಿದ್ದೂ ಅವಳು ತಮಗೆ ಬರೆದುಕೊಡುತ್ತಿರಲಿಲ್ಲ. ಅದು ಅವಳ ಕೆಲಸದಲ್ಲಿ ಲೋಪ ಎನ್ನುವುದಾದರೆ, ಆ ಲೋಪಕ್ಕೂ ಕಾರಣ ನಾನೇ ಎಂದು ದಾಖಲಿಸಿಕೊಳ್ಳಿ.

ಇಂತಿ,
ಕೋಳಿ ಅಂಗಡಿಯ ಮಾಲೀಕ,
ಸದರಿ ಮುಖ್ಯಸ್ಥೆಯ ತಂದೆ


(ಅದೇ ದಿನ, ಬೇರೆ ಲಕೋಟೆಯಲ್ಲಿ)

ಪುಟ್ಟಿ,

ಮ್ಯಾನೇಜರರಿಗೆ ಬರೆದದ್ದರ ಪ್ರತಿ ಇಟ್ಟಿದ್ದೇನೆ. ಜನರ ಮುಂದೆ ನಾನೇ ಇಳಿದೆ, ಯಾರೂ ಇಳಿಸಿದ್ದಲ್ಲ. ಇಳಿಯುವಾಗ ಚಪ್ಪಲಿ ಎರಡೂ ಕಾಲಿನಲ್ಲೇ ಇದ್ದವು, ನೋಡಿಕೊಂಡೇ ಇಳಿದೆ.

ನಿನ್ನ ಅಮ್ಮ ಥರ್ಮಾಮೀಟರನ್ನು ಪೂರ್ತಿ ನಂಬುವುದಿಲ್ಲ. ಅದು ಐವತ್ತಮೂರು ತೋರಿಸಬೇಕು, ಅವಳ ಕೈ ಮೂರಕ್ಕೆ ಹೊರಗೆ ಬರಬೇಕು. ಇಬ್ಬರೂ ಒಪ್ಪಿದರೆ ಮಾತ್ರ ಕೋಳಿ ಹಂಡೆಗೆ. ಇಲ್ಲಿಯ ತನಕ ಇಬ್ಬರಿಗೂ ಜಗಳ ಬಂದಿಲ್ಲ. ನನಗೇ ಸ್ವಲ್ಪ ಹೊಟ್ಟೆಕಿಚ್ಚು.

ಹಳೆಯ ಬೋರ್ಡು ಇಳಿಸಿದ್ದೇನೆ. ಪ್ರಾಸದಲ್ಲಿ ದೋಷ ಇರಲಿಲ್ಲ, ಅರ್ಥದಲ್ಲಿ ಇತ್ತು. ಹೊಸದಕ್ಕೆ ಎರಡು ಸಾಲು ಆಗಿವೆ:

ಬಣ್ಣ ಹೂವಿನದು,
ಹದ ನೀರಿನದು.

ಮೂರನೆಯ ಸಾಲು ಹೊಳೆಯುತ್ತಿಲ್ಲ. ಜಾಗ ಬಿಟ್ಟಿದ್ದೇನೆ. ಪೇಂಟರು ಭಾನುವಾರ ಬೆಳಿಗ್ಗೆ ಬರುತ್ತಾನೆ. ಅವನಿಗೆ ಹಳದಿ ಎಂದರೆ ಒಂದೇ ಹಳದಿ ಗೊತ್ತು.

ಬರುವಾಗ ನಿನ್ನ ಬೀಸಣಿಗೆ ತಾ. ಯಾವ ನಂಬರು ಎಂದು ನೀನೇ ತೋರಿಸು.

ಅಪ್ಪ